ಅಲೆಯನ್ನು ಹಿಡಿದ ಆಚಾರ್ಯ

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ, ಅದರಲ್ಲೂ ಕಲಾವಿಭಾಗದವನು. ವಿಜ್ಞಾನಿಯೊಬ್ಬರ ಜೀವನವನ್ನು ಬರೆಯಹೊರಟಿರುವುದು ಸಾಹಸವೇ ಸರಿ. ಆದರೆ ಆಚಾರ್ಯ ಜಗದೀಶಚಂದ್ರ ಬೋಸರೂ ಸರ್ಕಾರಿ ಕಾಲೇಜೊಂದರ ಉಪಾಧ್ಯಾಯರಾಗಿದ್ದರೆಂಬುದು ನನಗೆ ಧೈರ್ಯ ಕೊಟ್ಟಿದೆ.

ಬೋಸರು 1858ರಲ್ಲಿ ಬಂಗಾಳದಲ್ಲಿ ಜನಿಸಿದರು. ಕೇಂಬ್ರಿಜ್ಜಿನಲ್ಲಿ ಓದಿ, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಭಾರತೀಯರಿಗೆ ಕಡಿಮೆ ಸಂಬಳವೆಂಬ ಪದ್ಧತಿಗೆ ತಲೆಬಾಗದೆ, ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಹೇಳಿದರು. ಕೊನೆಗೆ ಸರ್ಕಾರವೇ ಮಣಿದು ಬಾಕಿಯನ್ನೂ ಸಲ್ಲಿಸಿತು.

1895ರ ಸುಮಾರಿಗೆ ಕಲ್ಕತ್ತೆಯ ಪುರಭವನದಲ್ಲಿ ಅವರ ವಿದ್ಯುದಲೆಗಳು ಗೋಡೆಯನ್ನು ದಾಟಿ ಗಂಟೆ ಬಾರಿಸಿದವು. ಅಲೆಗಳನ್ನು ಹಿಡಿಯಲು ಅವರು ಮುಂದೆ ಗೆಲೀನವೆಂಬ ಸೀಸದ ಅದಿರಿನ ಹರಳಿನಿಂದ ಗ್ರಾಹಕವೊಂದನ್ನು ರಚಿಸಿದರು. ಮಿತ್ರರ ಒತ್ತಾಯದಿಂದ ಅದಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು.

ಅಂದು ಗಂಟೆ ಬಾರಿಸಿದ್ದು ಬ್ಯಾಟರಿಯ ಶಕ್ತಿ. ಅಲೆ ಕೊಟ್ಟದ್ದು ಸನ್ನೆ ಮಾತ್ರ. ಇಂದಾದರೋ ಅಲೆಯ ಶಕ್ತಿಯಿಂದಲೇ ಸಣ್ಣ ಉಪಕರಣಗಳನ್ನು ನಡೆಸುತ್ತಾರೆ. ಅಲ್ಲಿ ಹಿಂದುಮುಂದಾಗಿ ತೂಗುವ ವಿದ್ಯುತ್ತನ್ನು ಡಯೋಡು ಒಂದೇ ದಿಕ್ಕಿಗೆ ಹರಿಸಬೇಕು. ಅಲೆ ಕ್ಷೀಣವಾದಷ್ಟೂ ಡಯೋಡನ್ನು ತೆರೆಯುವುದರಲ್ಲೇ ಶಕ್ತಿಯ ಬಹುಪಾಲು ಸೋರಿಹೋಗಿ, ಉಪಯೋಗಕ್ಕೆ ಉಳಿಯುವುದು ಅಲ್ಪ. ಆ ಅಲ್ಪವನ್ನು ಹೆಚ್ಚಿಸುವುದೇ ಇಂದಿನ ಸಂಶೋಧಕರ ಸಾಧನೆ. ಬೋಸರ ಹರಳು ಆ ಡಯೋಡುಗಳ ಪೂರ್ವಿಕರಲ್ಲೊಂದು.

ಅವರು 1917ರಲ್ಲಿ ಸಂಶೋಧನಾ ಮಂದಿರವನ್ನು ಸ್ಥಾಪಿಸಿ, 1937ರಲ್ಲಿ ದಿವಂಗತರಾದರು.

ರಜೆಯಲ್ಲಿ ಈ ಕಥೆಯನ್ನು ಅಕ್ಷರವರಿಯದ ನನ್ನ ತಂದೆಯವರಿಗೆ ಹೇಳಿದೆ. ಅವರು ಮೊದಲು ಕೇಳಿದ್ದು, ಸಂಬಳವಿಲ್ಲದೆ ಮೂರು ವರ್ಷ ಆ ಮನೆ ನಡೆದದ್ದು ಹೇಗೆಂದು. ಬೋಸರ ಹಟದ ಬೆಲೆ ನನಗೆ ಅರ್ಥವಾದದ್ದು ಆಗಲೇ.