ಬಟಾಟೆಯ ದೊರೆ ಸಿಂಪ್ಲಾಟ್

ನಾವು ಬಟಾಟೆ ಎನ್ನುತ್ತೇವೆ; ಘಟ್ಟದ ಮೇಲಿನವರಿಗೆ ಅದು ಆಲೂಗಡ್ಡೆ. ಹೆಸರು ಯಾವುದಾದರೇನು, ಅದಿಲ್ಲದ ಅಡುಗೆಮನೆ ವಿರಳ. ಈ ಗಡ್ಡೆಯನ್ನೇ ನಂಬಿ ಅಮೇರಿಕೆಯಲ್ಲಿ ಬಹುದೊಡ್ಡ ಕುಟುಂಬೋದ್ಯಮವನ್ನು ಕಟ್ಟಿದ ಜೆ. ಆರ್. ಸಿಂಪ್ಲಾಟರ ಜೀವನವನ್ನು ವಿದ್ಯಾರ್ಥಿ ಮಿತ್ರರ ಮುಂದಿಡಲು ಬಯಸುತ್ತೇವೆ.

ಸಿಂಪ್ಲಾಟರು 1909ನೇ ಜನವರಿ 4ರಂದು ಅಯೋವಾ ಸಂಸ್ಥಾನದ ಡುಬ್ಯೂಕ್ ಎಂಬಲ್ಲಿ ಜನಿಸಿದರು. ಬೆಳೆದದ್ದು ಐಡಾಹೊ ಸಂಸ್ಥಾನದ ಡೆಕ್ಲೊ ಎಂಬ ಹಳ್ಳಿಯಲ್ಲಿ. ತಂದೆ ಬೇಸಾಯಗಾರರು, ಬಲು ಬಿಗಿಯ ಮನುಷ್ಯ. ಎಂಟನೆಯ ತರಗತಿಯ ಬಳಿಕ, ಹದಿನಾಲ್ಕನೆಯ ವಯಸ್ಸಿನಲ್ಲಿ, ಬಾಲಕ ಶಾಲೆಯನ್ನೂ ಮನೆಯನ್ನೂ ಬಿಟ್ಟು ಹೊರಟ.

ಅವನು ತಂಗಿದ್ದ ವಸತಿಗೃಹದಲ್ಲಿ ಕೆಲವು ಉಪಾಧ್ಯಾಯರೂ ಇದ್ದರು. ಅವರಿಗೆ ಸಂಬಳವಾಗಿ ದೊರೆಯುತ್ತಿದ್ದುದು ನಗದಲ್ಲ, ಬಡ್ಡಿ ಬರುವ ಚೀಟಿ. ಕೈಯಲ್ಲಿ ಕಾಸಿಲ್ಲದ ಅವರಿಂದ ಹುಡುಗ ಆ ಚೀಟಿಗಳನ್ನು ಅರ್ಧ ಬೆಲೆಗೆ ಕೊಂಡು ಲಾಭಕ್ಕೆ ಮಾರಿದ. ಉಪಾಧ್ಯಾಯರಾದ ನಮಗೆ ಈ ಪ್ರಸಂಗ ನೆನೆದಾಗ ಮನಸ್ಸು ಚುರುಕ್ಕೆನ್ನುತ್ತದೆ! ಆ ಹಣದಿಂದ ಹಂದಿಗಳನ್ನು ಕೊಂಡು, ಮಾರಲಾಗದ ಬಟಾಟೆಯನ್ನು ಬೇಯಿಸಿ ಹಾಕಿ ಸಾಕಿದ. ಬೆಲೆ ಏರಿದಾಗ ಮಾರಿದ.

ಮುಂದೆ ಪಾಲುದಾರರೊಬ್ಬರ ಜೊತೆಗೂಡಿ ಬಟಾಟೆ ವಿಂಗಡಿಸುವ ವಿದ್ಯುತ್ ಯಂತ್ರವನ್ನು ಕೊಂಡರು. ಇಬ್ಬರಿಗೂ ಹೊಂದಿಕೆಯಾಗದೆ ಯಂತ್ರ ಯಾರಿಗೆಂದು ನಾಣ್ಯ ಚಿಮ್ಮಿದಾಗ ಸಿಂಪ್ಲಾಟರು ಗೆದ್ದರು. ಅವರ ಸಂಸ್ಥೆ ಹುಟ್ಟಿದ್ದು 1929ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಕಾಲ್ಡ್‌ವೆಲ್ ಊರಿನ ಕಾರ್ಖಾನೆಯಿಂದ ಒಣಗಿಸಿದ ಬಟಾಟೆ ಸೈನ್ಯಕ್ಕೆ ಹೋಯಿತು. ಸಿಪ್ಪೆ ಕೂಡ ವ್ಯರ್ಥವಾಗಲಿಲ್ಲ, ದನಗಳಿಗೆ ಮೇವಾಯಿತು.

ಯುದ್ಧಾನಂತರ ಅವರ ರಸಾಯನ ತಜ್ಞ ರೇ ಡನ್‌ಲಪ್ ಬಟಾಟೆಯ ಹೋಳುಗಳನ್ನು ಹೆಪ್ಪುಗಟ್ಟಿಸಿಡುವ ಪ್ರಯೋಗಕ್ಕೆ ತೊಡಗಿದರು. ಕರಗಿದರೆ ಮುದ್ದೆಯಾದೀತೆಂದು ಯಜಮಾನರಿಗೆ ಸಂದೇಹವಿತ್ತು. ಹೋಳುಗಳನ್ನು ಮೊದಲೇ ಒಮ್ಮೆ ಎಣ್ಣೆಯಲ್ಲಿ ಕರಿದು ಹೆಪ್ಪುಗಟ್ಟಿಸಿದಾಗ ಯುಕ್ತಿ ಫಲಿಸಿತು. ರುಚಿ ನೋಡಿದ ಸಿಂಪ್ಲಾಟರು ತಮ್ಮ ಅಭಿಪ್ರಾಯವನ್ನು ಬದಲಿಸಿದರು. 1960ರ ದಶಕದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಸಂಸ್ಥೆಯ ರೇ ಕ್ರಾಕ್‌ರೊಂದಿಗೆ ಬರಿಯ ಕೈಕುಲುಕಿ ಮಾಡಿಕೊಂಡ ಒಪ್ಪಂದದಿಂದ ವ್ಯಾಪಾರ ಮುಗಿಲಿಗೇರಿತು.

ಅವರು ಕಳಂಕವಿಲ್ಲದವರೆಂದು ನಾವು ಹೇಳುವುದಿಲ್ಲ. 1976ರಲ್ಲಿ ನ್ಯೂಯಾರ್ಕಿನ ವಾಯಿದಾ ಪೇಟೆಯಲ್ಲಿ ಮಾರಿದ್ದ ಬಟಾಟೆಯನ್ನು ಒಪ್ಪಿಸಲಾಗದೆ ದಂಡ ತೆತ್ತರು. ಕೈಕುಲುಕಿದ ಮಾತನ್ನು ಉಳಿಸಿಕೊಂಡವರು ಇಲ್ಲಿ ಬರೆದುಕೊಟ್ಟ ಮಾತಿಗೆ ತಪ್ಪಿದರು.

2008ನೇ ಮೇ 25ರಂದು, 99ರ ವಯಸ್ಸಿನಲ್ಲಿ, ಬಾಯ್ಸಿ ನಗರದಲ್ಲಿ ಅವರು ತೀರಿಕೊಂಡರು. ಉದ್ಯಮ ಕುಟುಂಬದ ಒಡೆತನದಲ್ಲೇ ಉಳಿಯಿತು.

ಪ್ರಿಯ ವಿದ್ಯಾರ್ಥಿಗಳೇ, ಶಾಲೆ ಬಿಟ್ಟರೂ ಶ್ರೀಮಂತನಾಗಬಹುದೆಂದು ಇದನ್ನೋದಿ ಯಾರಾದರೂ ಹಿಗ್ಗಬಹುದು. ಒಂದು ಮಾತನ್ನು ಮರೆಯದಿರಿ: ಶಾಲೆ ಬಿಟ್ಟವರ ಭಾಗ್ಯದ ಬಾಗಿಲನ್ನು ತೆರೆದದ್ದು ಓದಿದವನೊಬ್ಬನ ವಿದ್ಯೆ. ದುಡಿಮೆಯೂ ವಿದ್ಯೆಯೂ ಜೊತೆಗೂಡಿದರೆ ಮಣ್ಣಿನೊಳಗಿನ ಗಡ್ಡೆಯೂ ಹೊನ್ನಾದೀತು.