ಇಂಗಿತವನ್ನರಸಿದ ಗಣಿತಜ್ಞ: ಅಲನ್ ಟ್ಯೂರಿಂಗ್

ಎದುರಿನವರ ಮನದಲ್ಲೇನಿದೆಯೆಂಬುದನ್ನು ಅರಿತು ನಡೆಯಬಲ್ಲವನನ್ನು ನಮ್ಮ ಹಿರಿಯರು ಇಂಗಿತಜ್ಞನೆಂದು ಕರೆದರು. ಈ ಗುಣವು ಮನುಷ್ಯನಿಗೇ ಮೀಸಲೋ, ಅವನು ನಿರ್ಮಿಸಿದ ಯಂತ್ರಕ್ಕೂ ಸಾಧ್ಯವೋ ಎಂಬ ಜಿಜ್ಞಾಸೆಗೆ ಹಾದಿ ತೆರೆದ ಮೇಧಾವಿಗಳಲ್ಲಿ ಅಲನ್ ಟ್ಯೂರಿಂಗ್ ಅಗ್ರಗಣ್ಯರು.

ಇವರು ಜನಿಸಿದುದು 1912ನೆಯ ಇಸವಿ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ಜೂಲಿಯಸ್ ಅವರು ಮದರಾಸು ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿ, ತಾಯಿ ಎಥೆಲ್ ಸಾರಾ ಅವರು ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರರ ಪುತ್ರಿ. ತಂದೆತಾಯಿಗಳು ಭಾರತದಲ್ಲಿದ್ದಾಗ ಬಾಲಕನು ಇಂಗ್ಲೆಂಡಿನಲ್ಲಿ ಪರರ ಆಶ್ರಯದಲ್ಲಿ ಬೆಳೆಯಬೇಕಾಯಿತು. ಶಾಲೆಯ ಆಪ್ತಮಿತ್ರ ಕ್ರಿಸ್ಟೋಫರ್ ಮಾರ್ಕಮ್ 1930ರಲ್ಲಿ ಅಕಾಲಮರಣಕ್ಕೀಡಾದಾಗ, ದೇಹವಳಿದ ಮೇಲೆ ಮನಸ್ಸು ಉಳಿಯುವುದೇ ಎಂಬ ಚಿಂತೆ ಇವರನ್ನು ಆವರಿಸಿತು. ಮುಂದೆ ಕೇಂಬ್ರಿಜ್ಜಿನಲ್ಲಿದ್ದು 1936ರಲ್ಲಿ ಬರೆದ ಪ್ರಬಂಧವು ಇಂದಿನ ಗಣಕಯಂತ್ರಗಳಿಗೆ ತಾತ್ತ್ವಿಕ ತಳಹದಿಯಾಯಿತು.

ಎರಡನೆಯ ಮಹಾಯುದ್ಧದಲ್ಲಿ ಇವರು ಬ್ಲೆಚ್ಲಿ ಪಾರ್ಕಿನಲ್ಲಿದ್ದು ಜರ್ಮನರ ಎನಿಗ್ಮಾ ಗೂಢಲಿಪಿಯನ್ನು ಭೇದಿಸುವ ಕಾರ್ಯದಲ್ಲಿ ನಿರತರಾದರು. ಅಲ್ಲಿ ಯಂತ್ರದ ಚಕ್ರಗಳನ್ನಷ್ಟೇ ಅಲ್ಲ, ಅದರ ಮುಂದೆ ಕುಳಿತವನ ರೂಢಿಯನ್ನೂ ಊಹಿಸಬೇಕಿತ್ತು. ಹವಾಮಾನದ ವರದಿಯಲ್ಲಿ ಇಂಥ ಪದ ಬಂದೇ ಬರುವುದೆಂಬ ಅಂದಾಜೇ ಶೋಧಕ್ಕೆ ಆಧಾರ. ಗುಟ್ಟು ಬಯಲಾದ ಮೇಲೂ, ಅದು ಬಯಲಾಗಿಲ್ಲವೆಂಬ ಶತ್ರುವಿನ ನಂಬಿಕೆಯನ್ನು ಕಾಯಬೇಕಿತ್ತು. ಆದುದರಿಂದ ಹಡಗಿನ ನೆಲೆ ಮೊದಲೇ ತಿಳಿದಿದ್ದರೂ ಬ್ರಿಟಿಷರು ವಿಮಾನವನ್ನು ಕಳುಹಿಸುತ್ತಿದ್ದರು. ಸುಳಿವು ಅದರಿಂದಲೇ ಸಿಕ್ಕಿತೆಂದು ಶತ್ರುವು ಭಾವಿಸಲೆಂಬುದೇ ಉದ್ದೇಶ.

1950ರಲ್ಲಿ ಮ್ಯಾಂಚೆಸ್ಟರಿನಲ್ಲಿದ್ದಾಗ ಪ್ರಕಟಿಸಿದ ಲೇಖನದಲ್ಲಿ ಇವರು ಒಂದು ಆಟವನ್ನು ಕಲ್ಪಿಸಿದರು. ಮರೆಯಲ್ಲಿರುವ ಯಂತ್ರವು ಲಿಖಿತ ಉತ್ತರಗಳಿಂದಲೇ ತಾನು ಮನುಷ್ಯನೆಂದು ಪ್ರಶ್ನಿಸುವವನನ್ನು ನಂಬಿಸಬೇಕು. ಅಲ್ಲಿನ ಮಾದರಿ ಸಂಭಾಷಣೆಯಲ್ಲಿ 34957ಕ್ಕೆ 70764ನ್ನು ಕೂಡಿಸೆಂದಾಗ, ಸುಮಾರು 30 ಸೆಕೆಂಡು ತಡೆದು 105621 ಎಂಬ ಉತ್ತರ ಬರುತ್ತದೆ. ನಿಜವಾದ ಮೊತ್ತ 105721. ದಶಕವನ್ನು ಸೇರಿಸಲು ಮರೆತ ಬಾಲಕನ ತಪ್ಪಿನಂತೆಯೇ ಇದೆ! ಮನುಷ್ಯನು ನಿಧಾನಿ, ತಪ್ಪುವವನು ಎಂಬ ಪ್ರಶ್ನಕಾರನ ಭಾವನೆಯನ್ನು ಅರಿಯದ ಯಂತ್ರಕ್ಕೆ ಇಂಥ ಉತ್ತರ ಹೊಳೆಯದು. ಯಂತ್ರವನ್ನು ಮೊದಲು ಶಿಶುವಿನಂತೆ ರೂಪಿಸಿ, ಬಳಿಕ ಶಿಕ್ಷಣದಿಂದ ಬೆಳೆಸಬಹುದೆಂಬ ವಿಚಾರವೂ ಅದೇ ಲೇಖನದಲ್ಲಿದೆ.

ಪರರ ಮನವನ್ನು ಅರಿಯುವ ಬಗೆಯನ್ನು ಚಿಂತಿಸಿದ ಇವರ ಮನವನ್ನು ಸಮಾಜವು ಅರಿಯಲಿಲ್ಲ. ಸಲಿಂಗಪ್ರೇಮವು ಅಂದಿನ ಇಂಗ್ಲೆಂಡಿನ ಕಾನೂನಿಗೆ ಅಪರಾಧವಾಗಿದ್ದುದರಿಂದ 1952ರಲ್ಲಿ ಶಿಕ್ಷೆಗೊಳಗಾಗಿ, ಸೆರೆಮನೆಗೆ ಬದಲಾಗಿ ಹಾರ್ಮೋನು ಚಿಕಿತ್ಸೆಯನ್ನು ಅನುಭವಿಸಿದರು. 1954ರ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ಸಯನೈಡ್ ವಿಷದಿಂದ ಅಸುನೀಗಿದರು. ರಾಜಕ್ಷಮೆ ದೊರೆತುದು 2013ರಲ್ಲಿ.

2018ರಲ್ಲಿ ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆಯ ಸಂಶೋಧಕರು, ಮತ್ತೊಂದು ಕೃತಕ ಜೀವಿಯ ನಡೆಯನ್ನು ನೋಡಿ ಅದರ ತಪ್ಪುನಂಬಿಕೆಯನ್ನೂ ಊಹಿಸಬಲ್ಲ ಗಣಕ ವ್ಯವಸ್ಥೆಯನ್ನು ರೂಪಿಸಿದರು. ಯಂತ್ರಕ್ಕೆ ಇಷ್ಟು ಕಲಿಸಲು ಹೊರಟಿರುವಾಗ, ತಪ್ಪು ಲೆಕ್ಕ ಬರೆದ ಮಗುವು ಏನೆಂದು ತಿಳಿದು ಹಾಗೆ ಬರೆಯಿತೆಂದು ವಿಚಾರಿಸುವುದು ಶಿಕ್ಷಕರಾದ ನಮ್ಮ ಮೊದಲ ಕರ್ತವ್ಯವಲ್ಲವೇ?