ನಟಿ-ಗಾಯಕಿ ಡೊರೊತಿ ಡ್ಯಾಂಡ್ರಿಜ್

ಚಿತ್ರಪಟದಲ್ಲಿ ಹಾಡುವವರು ಒಬ್ಬರು, ತುಟಿ ಆಡಿಸುವವರು ಇನ್ನೊಬ್ಬರು ಎಂಬುದು ನಮಗೆ ಹೊಸ ಸಂಗತಿಯೇನೂ ಅಲ್ಲ. ಹಿನ್ನೆಲೆ ಗಾಯನವಿಲ್ಲದ ನಮ್ಮ ಚಿತ್ರಗಳನ್ನು ಊಹಿಸಿಕೊಳ್ಳುವುದೇ ಕಷ್ಟ. ಆದರೆ ಹಾಡಿಯೇ ಹೆಸರು ಮಾಡಿದ ಗಾಯಕಿಯೊಬ್ಬಳನ್ನು ಸಂಗೀತಪ್ರಧಾನವಾದ ಚಿತ್ರಕ್ಕೆ ನಾಯಕಿಯಾಗಿ ಆರಿಸಿ, ಆಕೆಯ ಬಾಯಿಗೆ ಮತ್ತೊಬ್ಬರ ಕಂಠವನ್ನು ಕೂಡಿಸಿದರೆ ಏನೆನ್ನೋಣ? ಅಮೆರಿಕದ ನಟಿ ಡೊರೊತಿ ಡ್ಯಾಂಡ್ರಿಜ್‌ಳ ಬಾಳಿನಲ್ಲಿ ಇದು ಒಮ್ಮೆಯಲ್ಲ, ಎರಡು ಬಾರಿ ನಡೆಯಿತು. ಆ ಎರಡೇ ಆಕೆಯ ಅತ್ಯಂತ ಪ್ರಸಿದ್ಧ ಚಿತ್ರಗಳೂ ಹೌದು. ಕೀರ್ತಿ ಕೈಗೆ ಬಂದು ಕೆಲಸ ಕೈಗೆ ಬಾರದೆ ಹೋದ ಆ ಬಾಳನ್ನು ಓದುಗರ ಮುಂದಿಡುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ಡೊರೊತಿ ಹುಟ್ಟಿದ್ದು ೧೯೨೨ರ ನವೆಂಬರ್ ೯ರಂದು, ಒಹಾಯೊ ಸಂಸ್ಥಾನದ ಕ್ಲೀವ್‌ಲೆಂಡ್ ನಗರದ ಒಂದು ಕಪ್ಪು ಜನರ ಮನೆತನದಲ್ಲಿ. ಕೂಸು ಕಣ್ಣು ತೆರೆಯುವ ಮೊದಲೇ ತಾಯಿ ರೂಬಿ ಗಂಡನಿಂದ ಬೇರೆಯಾಗಿದ್ದಳು. ರೂಬಿಯೂ ಕಲಾವಿದೆಯೇ. ಮುಂದೆ ರೇಡಿಯೋದಲ್ಲಿಯೂ ಚಿತ್ರಗಳಲ್ಲಿಯೂ ಮನೆಗೆಲಸದವಳ ಪಾತ್ರಗಳನ್ನು ಮಾಡಿ ಜೀವನ ಸಾಗಿಸಿದಳು. ಕಪ್ಪು ನಟಿಗೆ ಹಾಲಿವುಡ್ಡಿನಲ್ಲಿ ಆಗ ಸಿಗುತ್ತಿದ್ದುದು ಹೆಚ್ಚಾಗಿ ಅಂತಹ ಪಾತ್ರಗಳೇ. ರೂಬಿ ತನ್ನ ಇಬ್ಬರು ಹೆಣ್ಣುಮಕ್ಕಳಾದ ವಿವಿಯನ್ ಮತ್ತು ಡೊರೊತಿಯರನ್ನು ಎಳವೆಯಲ್ಲಿಯೇ ಹಾಡು, ಕುಣಿತಗಳಿಗೆ ಹಚ್ಚಿದಳು. 'ವಂಡರ್ ಚಿಲ್ಡ್ರನ್' ಎಂಬ ಹೆಸರಿನಿಂದ ಆ ಮಕ್ಕಳು ದಕ್ಷಿಣ ಸಂಸ್ಥಾನಗಳ ಚರ್ಚುಗಳಲ್ಲಿ ಊರೂರು ತಿರುಗಿ ಪ್ರದರ್ಶನ ಕೊಟ್ಟರು. ಶಾಲೆಯ ಓದು ಅಷ್ಟಕ್ಕಷ್ಟೆ. ತರಬೇತಿ ಕೊಡುತ್ತಿದ್ದ ತಾಯಿಯ ಗೆಳತಿಯ ಕೈ ಬಲು ಬಿರುಸು. ಮಕ್ಕಳಿಗೆ ಆಟಕ್ಕಿಂತ ಏಟಿನ ಪರಿಚಯವೇ ಹೆಚ್ಚಾಗಿತ್ತು.

ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಸಂಸಾರ ಲಾಸ್ ಏಂಜಲೀಸಿಗೆ ಬಂದಿತು. ಅಕ್ಕ ತಂಗಿಯರು ಇನ್ನೊಬ್ಬ ಹುಡುಗಿಯನ್ನು ಜೊತೆಗೆ ಸೇರಿಸಿಕೊಂಡು 'ಡ್ಯಾಂಡ್ರಿಜ್ ಸಿಸ್ಟರ್ಸ್' ಎಂಬ ತಂಡವಾದರು. ೧೯೩೮ರಲ್ಲಿ ಅವರು ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ಹಾಡಿದರು. ಅಲ್ಲಿ ವೇದಿಕೆಯ ಮೇಲಿನವರು ಕಪ್ಪು ಜನ, ಎದುರಿಗೆ ಕುಳಿತವರು ಬಿಳಿಯರು. ೧೯೪೧ರ 'ಸನ್ ವ್ಯಾಲಿ ಸೆರಿನೇಡ್' ಚಿತ್ರದಲ್ಲಿ ಡೊರೊತಿ ನಿಕೊಲಸ್ ಸೋದರರೊಡನೆ ಹಾಡಿ ಕುಣಿದ ದೃಶ್ಯವೊಂದಿದೆ. ಆಗಿನ ಸಂಗೀತಚಿತ್ರಗಳಲ್ಲಿ ಕಪ್ಪು ಕಲಾವಿದರ ಭಾಗವನ್ನು ಕಥೆಗೆ ಅಂಟಿಸದೆ ಬಿಡಿಯಾಗಿ ಇಡುವುದು ವಾಡಿಕೆ. ದಕ್ಷಿಣದ ಚಿತ್ರಮಂದಿರದವರಿಗೆ ಬೇಡವೆನಿಸಿದರೆ ಅಷ್ಟನ್ನು ಕತ್ತರಿಸಿ ಹಾಕಿದರಾಯಿತು, ಕಥೆಗೆ ಕುಂದಿಲ್ಲ!

ಆ ಸೋದರರಲ್ಲಿ ಕಿರಿಯನಾದ ಹೆರಾಲ್ಡ್ ನಿಕೊಲಸ್‌ನನ್ನು ಡೊರೊತಿ ೧೯೪೨ರಲ್ಲಿ ಮದುವೆಯಾದಳು. ಮರುವರ್ಷ ಹೆಣ್ಣುಮಗು ಹುಟ್ಟಿತು. ಹುಟ್ಟುವಾಗಲೇ ಮಗುವಿನ ಮೆದುಳಿಗೆ ಪೆಟ್ಟಾಗಿತ್ತೆಂಬುದು ತಾಯಿಗೆ ತಿಳಿದದ್ದು ನಿಧಾನವಾಗಿ. ಮಗುವಿಗೆ ಜೀವಮಾನವಿಡೀ ಇನ್ನೊಬ್ಬರ ಆರೈಕೆ ಬೇಕಾಯಿತು. ತಪ್ಪು ತನ್ನದೇ ಎಂಬ ಕೊರಗು ಡೊರೊತಿಯನ್ನು ಕೊನೆಯವರೆಗೂ ಬಿಡಲಿಲ್ಲ. ಗಂಡ ಮನೆಯ ಕಡೆ ಗಮನ ಕೊಡುವವನಾಗಿರಲಿಲ್ಲ. ೧೯೫೧ರಲ್ಲಿ ವಿಚ್ಛೇದನವಾಯಿತು.

ಮಗಳ ಆರೈಕೆಗೆ ಹಣ ಬೇಕು. ಹಣ ಬರುವುದು ಹಾಡಿನಿಂದ. ಡೊರೊತಿ ಸಂಗೀತಗಾರ ಫಿಲ್ ಮೂರ್‌ನ ನೆರವಿನಿಂದ ಒಬ್ಬಂಟಿ ಗಾಯಕಿಯಾಗಿ ತನ್ನನ್ನು ಸಜ್ಜುಗೊಳಿಸಿಕೊಂಡಳು. ೧೯೫೧ರಲ್ಲಿ ಹಾಲಿವುಡ್ಡಿನ ಮೊಕ್ಯಾಂಬೊ ಕ್ಲಬ್ಬಿನಲ್ಲಿ ಹಾಡಿ ಜಯ ಪಡೆದ ಮೇಲೆ ದೊಡ್ಡ ದೊಡ್ಡ ಹೋಟೆಲುಗಳಿಂದ ಕರೆ ಬಂದಿತು. ಆದರೆ ಆ ಕಾಲದಲ್ಲಿ ಲಾಸ್ ವೇಗಸ್‌ನಂತಹ ಊರುಗಳಲ್ಲಿ, ಕಪ್ಪು ಕಲಾವಿದರು ಯಾವ ಹೋಟೆಲಿನ ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುತ್ತಿದ್ದರೋ ಆ ಹೋಟೆಲಿನಲ್ಲಿಯೇ ಸಾಮಾನ್ಯವಾಗಿ ಅವರಿಗೆ ಕೋಣೆ ಸಿಗುತ್ತಿರಲಿಲ್ಲ. ಪರಸ್ಥಳದಲ್ಲಿ ಬಾಡಿಗೆ ಮನೆ ಹುಡುಕಿ ಅಲೆದ ನಮ್ಮವರಿಗೆ ಬಾಗಿಲಲ್ಲೇ ಇಲ್ಲವೆನ್ನಿಸಿಕೊಳ್ಳುವುದು ಗೊತ್ತು; ಆದರೆ ಒಳಗೆ ಕರೆದು, ಹಾಡಿಸಿ, ಮಲಗಲು ಜಾಗವಿಲ್ಲವೆನ್ನುವುದು ಬೇರೆಯದೇ ನೋವು.

೧೯೫೩ರ 'ಬ್ರೈಟ್ ರೋಡ್' ಚಿತ್ರದಲ್ಲಿ ಆಕೆಗೆ ಶಾಲಾ ಉಪಾಧ್ಯಾಯಿನಿಯ ಮುಖ್ಯ ಪಾತ್ರ ಸಿಕ್ಕಿತು. ಅನಂತರ ನಿರ್ದೇಶಕ ಆಟೊ ಪ್ರೆಮಿಂಜರ್ 'ಕಾರ್ಮೆನ್ ಜೋನ್ಸ್' ಚಿತ್ರವನ್ನು ಕೈಗೆತ್ತಿಕೊಂಡ. ಫ್ರೆಂಚ್ ಸಂಗೀತಗಾರ ಬೀಜೆಯ ಹೆಸರಾಂತ ಗೀತನಾಟಕದ ಕಥೆಯನ್ನು ಅಮೆರಿಕದ ಕಪ್ಪು ಜನರ ನಡುವೆ ಇಟ್ಟು ಆಸ್ಕರ್ ಹ್ಯಾಮರ್‌ಸ್ಟೈನ್ ಬರೆದ ನಾಟಕ ಅದು. ಗಯ್ಯಾಳಿಯೂ ಮೋಹಿನಿಯೂ ಆದ ಕಾರ್ಮೆನ್ ಪಾತ್ರಕ್ಕೆ ಡೊರೊತಿ ತೀರ ನಯನಾಜೂಕಿನವಳೆಂದು ಪ್ರೆಮಿಂಜರ್ ಒಪ್ಪಲಿಲ್ಲ. ಆಕೆ ಬಿಡಲಿಲ್ಲ. ವೇಷ, ಕೇಶ, ನಡಿಗೆ ಎಲ್ಲವನ್ನೂ ಬದಲಿಸಿಕೊಂಡು ಆತನ ಎದುರಿಗೆ ಹೋಗಿ ನಿಂತಳು, ಪಾತ್ರ ಆಕೆಯದಾಯಿತು.

ಹಾಡು ಮಾತ್ರ ಆಕೆಯದಾಗಲಿಲ್ಲ. ಗೀತನಾಟಕದ ಸಂಗೀತಕ್ಕೆ ಆ ಪದ್ಧತಿಯಲ್ಲಿ ಪಳಗಿದ ಕಂಠ ಬೇಕೆಂದು, ಆಗ ಇಪ್ಪತ್ತು ವರ್ಷದವಳಾಗಿದ್ದ ಬಿಳಿಯ ಗಾಯಕಿ ಮೆರಿಲಿನ್ ಹಾರ್ನ್‌ಳಿಂದ ಹಾಡಿಸಿದರು. ನಾಯಕ ಹ್ಯಾರಿ ಬೆಲಫಾಂಟೆಯೂ ಗಾಯಕನೇ. ಅವನಿಗೂ ಇದೇ ಗತಿಯಾಯಿತು. ಈ ತೀರ್ಮಾನಕ್ಕೆ ಸಂಗೀತದ ದೃಷ್ಟಿಯಿಂದ ಕಾರಣವಿರಲಿಲ್ಲವೆಂದು ನಾವು ಹೇಳಲಾರೆವು. ಆದರೂ ಬಾಲ್ಯದಿಂದ ಹಾಡಿ ಹೊಟ್ಟೆ ಹೊರೆದವಳು ತನ್ನ ಅತಿದೊಡ್ಡ ಗಳಿಗೆಯಲ್ಲಿ ಮೂಕಳಾದಳೆಂಬುದು ಸುಳ್ಳಲ್ಲ.

ಆ ಗಳಿಗೆ ನಿಜವಾಗಿಯೂ ದೊಡ್ಡದೇ. ೧೯೫೪ರ ನವೆಂಬರಿನಲ್ಲಿ 'ಲೈಫ್' ಪತ್ರಿಕೆ ಮುಖಪುಟದಲ್ಲಿ ಆಕೆಯ ಚಿತ್ರವನ್ನು ಅಚ್ಚು ಹಾಕಿತು. ಆ ಗೌರವ ಪಡೆದ ಮೊದಲ ಕಪ್ಪು ಮಹಿಳೆ ಆಕೆ. ಅತ್ಯುತ್ತಮ ನಟಿಯ ಆಸ್ಕರ್ ಪ್ರಶಸ್ತಿಗೆ ಹೆಸರಿಸಲ್ಪಟ್ಟ ಮೊದಲ ಕಪ್ಪು ಮಹಿಳೆಯೂ ಆಕೆಯೇ. ಅದಕ್ಕೆ ಮೊದಲು ಹ್ಯಾಟಿ ಮೆಕ್‌ಡ್ಯಾನಿಯಲ್‌ಳಿಗೆ ೧೯೪೦ರಲ್ಲಿ ಪ್ರಶಸ್ತಿ ಬಂದದ್ದುಂಟು. ಆದರೆ ಅದು ಪೋಷಕ ನಟಿಗೆ, ಅದೂ ಮನೆಯಾಳಿನ ಪಾತ್ರಕ್ಕೆ. ೧೯೫೫ರ ಮಾರ್ಚ್ ೩೦ರಂದು ನಡೆದ ಸಮಾರಂಭದಲ್ಲಿ ಜೂಡಿ ಗಾರ್ಲೆಂಡ್, ಆಡ್ರಿ ಹೆಪ್‌ಬರ್ನ್, ಜೇನ್ ವೈಮನ್‌ರ ಸಾಲಿನಲ್ಲಿ ಡೊರೊತಿಯ ಹೆಸರೂ ಇತ್ತು. ಪ್ರಶಸ್ತಿ ಗ್ರೇಸ್ ಕೆಲ್ಲಿಗೆ ಹೋಯಿತು.

ಇನ್ನು ಮುಂದೆ ಪಾತ್ರಗಳು ಹರಿದುಬರುವುವೆಂದು ಯಾರಾದರೂ ಎಣಿಸಿಯಾರು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ಒಪ್ಪಂದವನ್ನೂ ಮಾಡಿಕೊಂಡಿತು. ಆದರೆ ಬಂದದ್ದು 'ದಿ ಕಿಂಗ್ ಅಂಡ್ ಐ' ಚಿತ್ರದ ಟುಪ್ಟಿಮ್ ಎಂಬ ದಾಸಿಯ ಪಾತ್ರ. ನಾಯಕಿಯಾದವಳು ಮತ್ತೆ ದಾಸಿಯಾಗಬಾರದೆಂದು, ಆಗ ಆಕೆಯ ಆಪ್ತನೂ ಆಗಿದ್ದ ಪ್ರೆಮಿಂಜರ್‌ನ ಸಲಹೆಯಂತೆ, ಡೊರೊತಿ ಅದನ್ನು ನಿರಾಕರಿಸಿದಳು. ಸರಿಯೋ ತಪ್ಪೋ, ಅದರಿಂದ ಆಕೆಗೆ ನಷ್ಟವೇ ಆಯಿತು. ತೊಡಕು ಇದ್ದದ್ದು ಇನ್ನೂ ಆಳದಲ್ಲಿ. ನಾಯಕಿಗೆ ನಾಯಕ ಬೇಕು. ದೊಡ್ಡ ನಾಯಕರೆಲ್ಲ ಬಿಳಿಯರು. ಬಿಳಿಯರಿಗೂ ಕಪ್ಪು ಜನರಿಗೂ ನಡುವಣ ಪ್ರೇಮವನ್ನು ತೋರಿಸುವುದನ್ನು ಹಾಲಿವುಡ್ಡಿನ ನಿಯಮಾವಳಿ ೧೯೫೬ರವರೆಗೂ ನಿಷೇಧಿಸಿತ್ತು. ೧೯೫೭ರ 'ಐಲೆಂಡ್ ಇನ್ ದಿ ಸನ್' ಚಿತ್ರದಲ್ಲಿ ಆಕೆಗೆ ಬಿಳಿಯ ಪ್ರಿಯಕರನಿದ್ದರೂ, ಅವರ ಪ್ರೇಮವನ್ನು ಅಳೆದೂ ಸುರಿದೂ ತೋರಿಸಿದರು.

ಅದೇ ವರ್ಷ 'ಕಾನ್ಫಿಡೆನ್ಷಿಯಲ್' ಎಂಬ ಪತ್ರಿಕೆಯ ಮೇಲಿನ ಮೊಕದ್ದಮೆಯಲ್ಲಿ ಆಕೆ ಸಾಕ್ಷಿ ನುಡಿದಳು. ಟಾಹೊ ಸರೋವರದ ಬಳಿಯ ಕಾಡಿನಲ್ಲಿ ಬಿಳಿಯನೊಬ್ಬನೊಡನೆ ಆಕೆ ವಿಹರಿಸಿದಳೆಂದು ಆ ಪತ್ರಿಕೆ ಬರೆದಿತ್ತು. ಕಪ್ಪು ಜನರು ಅಲ್ಲಿ ಮನಬಂದಂತೆ ಓಡಾಡುವುದಕ್ಕೇ ಅವಕಾಶವಿರಲಿಲ್ಲವೆಂದು ಡೊರೊತಿ ನ್ಯಾಯಾಲಯಕ್ಕೆ ತಿಳಿಸಿದಳು. ಮಾನ ಉಳಿಸಿಕೊಳ್ಳಲು ತನ್ನ ಅವಮಾನವನ್ನೇ ಸಾಕ್ಷಿಯಾಗಿ ಒಪ್ಪಿಸಬೇಕಾಗಿ ಬಂದುದನ್ನು ಓದುಗರು ಗಮನಿಸಬೇಕು.

೧೯೫೯ರಲ್ಲಿ ಬಂದ 'ಪೋರ್ಗಿ ಅಂಡ್ ಬೆಸ್' ಆಕೆಯ ಎರಡನೆಯ ದೊಡ್ಡ ಚಿತ್ರ. ಆ ಕಥೆ ಕಪ್ಪು ಜನರನ್ನು ಕೀಳಾಗಿ ಚಿತ್ರಿಸುತ್ತದೆಂದು ಹಲವರು ದೂರಿದರು. ಬೆಲಫಾಂಟೆ ಅದರಲ್ಲಿ ನಟಿಸಲು ಒಪ್ಪಲಿಲ್ಲ. ಕೆಲಸವಿಲ್ಲದ ಡೊರೊತಿ ಒಪ್ಪಿದಳು. ಈ ಸಲವೂ ಹಾಡಿದ ಕಂಠ ಬೇರೆಯವರದು, ಏಡೆಲ್ ಆಡಿಸನ್‌ಳದು.

ಆ ವರ್ಷವೇ ಆದ ಎರಡನೆಯ ಮದುವೆ ೧೯೬೨ರಲ್ಲಿ ಮುರಿಯಿತು. ಕೂಡಿಟ್ಟ ಹಣವೂ ಕರಗಿತು. ೧೯೬೩ರಲ್ಲಿ ಆಕೆ ದಿವಾಳಿಯಾದಳು. ಆರೈಕೆಯ ಖರ್ಚು ತೆರಲಾರದೆ ಮಗಳನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಯಾವ ಮಗಳಿಗಾಗಿ ಇಷ್ಟೆಲ್ಲ ಹಾಡಿದಳೋ ಆ ಮಗಳನ್ನೇ ಬಿಟ್ಟುಕೊಟ್ಟ ತಾಯಿಯ ಮನಸ್ಸನ್ನು ನಾವು ಬಣ್ಣಿಸಬೇಕಾಗಿಲ್ಲ. ೧೯೬೫ರ ಸೆಪ್ಟೆಂಬರ್ ೮ರಂದು ಡೊರೊತಿ ತನ್ನ ಮನೆಯಲ್ಲಿ ಸತ್ತುಬಿದ್ದಿದ್ದಳು. ವಯಸ್ಸು ೪೨. ಖಿನ್ನತೆಗೆ ತೆಗೆದುಕೊಳ್ಳುತ್ತಿದ್ದ ಔಷಧ ಅತಿಯಾದುದೇ ಕಾರಣವೆಂದು ಒಂದು ಅಭಿಪ್ರಾಯ, ಕಾಲಿನ ಮೂಳೆ ಮುರಿದುದರಿಂದಾದ ತೊಡಕೆಂದು ಇನ್ನೊಂದು. ಆಕೆಯ ಆತ್ಮಕಥೆ ೧೯೭೦ರಲ್ಲಿ ಹೊರಬಂದಿತು. ಅದಕ್ಕಿಟ್ಟ ಹೆಸರು, ಎಲ್ಲವೂ ಇತ್ತು ಏನೂ ಇರಲಿಲ್ಲ ಎಂಬ ಅರ್ಥದ್ದು.

ಆಕೆ ನಿಂತ ಜಾಗದಿಂದ ಪ್ರಶಸ್ತಿಯ ಪೀಠಕ್ಕೆ ಇದ್ದದ್ದು ಕೆಲವೇ ಹೆಜ್ಜೆ. ಅದನ್ನು ನಡೆಯಲು ಆಕೆಯ ಜನಾಂಗಕ್ಕೆ ೪೭ ವರ್ಷ ಹಿಡಿಯಿತು. ೨೦೦೨ರಲ್ಲಿ ಹ್ಯಾಲಿ ಬೆರಿ ಅತ್ಯುತ್ತಮ ನಟಿಯ ಆಸ್ಕರ್ ಪಡೆದ ಮೊದಲ ಕಪ್ಪು ಮಹಿಳೆಯಾದಾಗ, ವೇದಿಕೆಯ ಮೇಲೆ ಡೊರೊತಿಯ ಹೆಸರು ಹೇಳಿ ಸ್ಮರಿಸಿದಳು. ೧೯೯೯ರಲ್ಲಿ ದೂರದರ್ಶನ ಚಿತ್ರವೊಂದರಲ್ಲಿ ಡೊರೊತಿಯ ಪಾತ್ರ ಮಾಡಿದವಳೂ ಈಕೆಯೇ.

ಆ ೧೯೯೯ರಲ್ಲಿಯೇ ಇನ್ನೊಂದು ಕೆಲಸವೂ ಆಯಿತು. ೧೯೫೮ರಲ್ಲಿ ಡೊರೊತಿ ವರ್ವ್ ಸಂಸ್ಥೆಗಾಗಿ ಧ್ವನಿಮುದ್ರಿಸಿದ್ದ ಹಾಡುಗಳಲ್ಲಿ ಬಹುಪಾಲು ಹಾಗೆಯೇ ಉಳಿದುಹೋಗಿದ್ದುವು. ಆಕೆ ಸತ್ತು ೩೪ ವರ್ಷಗಳಾದ ಮೇಲೆ ಅವು ಹೊರಬಂದುವು. 'ಕಾರ್ಮೆನ್ ಜೋನ್ಸ್' ನೋಡಿದವರು ಅವನ್ನೂ ಹುಡುಕಿ ಕೇಳಬೇಕೆಂದು ನಮ್ಮ ಕೋರಿಕೆ. ಚಿತ್ರದಲ್ಲಿ ಕಾಣುವ ಮುಖದ ನಿಜವಾದ ದನಿ ಅಲ್ಲಿದೆ.